ವುದಾಂಗ್ ಬೆಟ್ಟಕ್ಕೆ ಹೋಗುವವರು ಕೇಬಲ್ ಕಾರ್ ಹತ್ತುವ ಮೊದಲು

ತಾವೋ ಧರ್ಮ ಎಂದರೆ ಲಾವೋತ್ಸು, ಯಿನ್-ಯಾಂಗ್, ತೈ ಚಿ ಅಷ್ಟೇ ಎಂದುಕೊಂಡು ನಾನು ಆ ಧರ್ಮದವರ ಪವಿತ್ರ ಬೆಟ್ಟವಾದ, ಚೀನಾದ ಹುಬೈ ಪ್ರಾಂತ್ಯದ ವುದಾಂಗ್‌ಗೆ ಹೋಗಿದ್ದೆ. ಮೊದಲ ದಿನವೇ ಕೇಬಲ್ ಕಾರ್ ಹಿಡಿದು ನೇರ 1612 ಮೀಟರ್ ಎತ್ತರದ ತುದಿಗೆ. 1416ರಲ್ಲಿ ಕಟ್ಟಿದ, ಚಿನ್ನದ ಲೇಪದ ತಾಮ್ರದ ಗುಡಿಯ ಮುಂದೆ ನೂಕುನುಗ್ಗಲು. ನನಗೆ ಗುಂಪು ಕಂಡರೇ ಆಗದು. ಒಳಗೆ ಬರಿಗಾಲಿನ, ಕೂದಲು ಇಳಿಬಿಟ್ಟ ದೇವರು. ಮುಂದೆ ಆಮೆಯನ್ನು ಸುತ್ತಿಕೊಂಡ ಹಾವು. ಯಾವ ದೇವರು, ಯಾಕೆ ಆಮೆ, ಒಂದೂ ತಿಳಿಯದೆ ಇಳಿದೆ.

ಅವನು ಝೆನ್‌ವು, ಉತ್ತರ ದಿಕ್ಕಿನ ಒಡೆಯ. ಆಮೆ-ಹಾವು ಉತ್ತರದ ಆಕಾಶದ ಹಳೆಯ ಗುರುತು. ಜನರ ಕಥೆಯಲ್ಲಿ ಅವನು ಜಿಂಗ್‌ಲೆ ರಾಜ್ಯದ ರಾಜಕುಮಾರ. 15ನೇ ವಯಸ್ಸಿಗೆ ಮನೆ ಬಿಟ್ಟು ಇಲ್ಲಿ 42 ವರ್ಷ ತಪಸ್ಸು ಮಾಡಿದ. ನಮಗೆ ಸಿದ್ಧಾರ್ಥ ನೆನಪಾಗದೆ ಇರುವುದಿಲ್ಲ. ಹಸಿವಿನಲ್ಲಿ ಅವನು ಕಿತ್ತೆಸೆದ ಹೊಟ್ಟೆ ಆಮೆಯಾಯಿತಂತೆ, ಕರುಳು ಹಾವಾಯಿತಂತೆ. ಈ ಬೆಟ್ಟದ ಗುಡಿಗಳು ಕೆಳಗಿನಿಂದ ಮೇಲಕ್ಕೆ ಆ ಕಥೆಯ ದಾರಿಯಲ್ಲೇ ನಿಂತಿವೆ. ಮೇಲಿನಿಂದ ಶುರು ಮಾಡಿದ ನಾನು ಕೊನೆಯ ಪುಟ ಮೊದಲು ಓದಿದಂತಾಯಿತು. ಆದ್ದರಿಂದ ಎರಡು ದಿನ ಇಟ್ಟುಕೊಳ್ಳಿ, ಕೆಳಗಿನಿಂದ ಹತ್ತಿ.

ಮೊದಲು ಮೋಝೆನ್‌ಜಿಂಗ್, ಸೂಜಿ ಮಸೆದ ಬಾವಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ತಪಸ್ಸು ಸಾಕೆಂದು ಬೆಟ್ಟ ಇಳಿಯುತ್ತಿದ್ದ ರಾಜಕುಮಾರನಿಗೆ ಕಬ್ಬಿಣದ ಒನಕೆಯನ್ನು ಕಲ್ಲಿಗೆ ಉಜ್ಜುತ್ತಿದ್ದ ಅಜ್ಜಿ ಕಂಡಳಂತೆ. ಏನು ಮಾಡುತ್ತಿದ್ದೀ ಎಂದರೆ "ಸೂಜಿ" ಎಂದಳಂತೆ. ಅವನು ಅಲ್ಲಿಂದಲೇ ತಪಸ್ಸಿಗೆ ಹಿಂತಿರುಗಿದ. ಗುಡಿಯ ಮುಂದೆ ಎರಡು ದೊಡ್ಡ ಕಬ್ಬಿಣದ ಒನಕೆಗಳಿವೆ. ಕೈ ಎಟುಕುವಷ್ಟು ಎತ್ತರದವರೆಗೆ ಸವೆದು ಮಿರುಗುತ್ತವೆ, ಅದರ ಮೇಲೆ ಕಪ್ಪು. ಅವನು ಮರಳಿ ಬಂದ ಜಾಗವೇ ಮುಂದಿನ ಗುಡಿ, ತೈಝಿಪೊ.

ಇನ್ನೂ ಮೇಲೆ, ಪ್ರಪಾತದ ಅಂಚಿನ ನಾನ್‌ಯಾನ್ ಗುಡಿಯ ಬಳಿ ಅವನು ಆಕಾಶಕ್ಕೆ ಏರಿದನೆನ್ನುವ ಬಂಡೆಯಿದೆ. ಅಲ್ಲೇ ಪ್ರಪಾತದ ಮೇಲೆ ಸುಮಾರು ಮೂರು ಮೀಟರ್ ಚಾಚಿಕೊಂಡ ಡ್ರ್ಯಾಗನ್ ತಲೆಯ ಕಲ್ಲು. ಅದರ ತುದಿಯಲ್ಲಿ ಊದುಬತ್ತಿ ಹಚ್ಚಲು ಹೋಗಿ ಭಕ್ತರು ಬಿದ್ದು ಸಾಯುತ್ತಿದ್ದರು. 1673ರಲ್ಲಿ ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ ನಿಷೇಧ ಬಂತು. ಕಥೆ ಗೊತ್ತಿದ್ದವರಿಗೆ ಆ ಕಲ್ಲು ನೋಡುವಾಗ ಹೊಟ್ಟೆ ತೊಳಸುತ್ತದೆ.

ಇಲ್ಲಿ ರಾತ್ರಿ ತಂಗುವವರು ಎಚ್ಚರ. ನನಗೆ 220 ಯುವಾನ್ ಎಂದಿದ್ದ ಕೋಣೆಗೆ ಕತ್ತಲಾದ ಮೇಲೆ 480 ಕೇಳಿದರು. ಕೆಳಗಿಳಿಯುವ ಬಸ್ಸಿನ ಹೊತ್ತು ಮುಗಿದಿತ್ತು, ಕೊಟ್ಟೆ. ರಜಾಯಿ ಒದ್ದೆ, ಬಿಸಿನೀರಿಲ್ಲ. ಬೆಲೆಯನ್ನು ಬರೆಸಿಕೊಳ್ಳಿ, ಇಲ್ಲವೇ ಬೆಟ್ಟದ ಕೆಳಗಿನ ಊರಲ್ಲೇ ಉಳಿಯಿರಿ.

ಊರಲ್ಲಿ ಉಳಿಯಲು ಇನ್ನೊಂದು ಕಾರಣ ನೂಡಲ್ಸ್. ಮಾರುಕಟ್ಟೆ ಬೀದಿಯಲ್ಲಿ ನಾಲ್ಕೇ ಮೇಜಿನ ಅಂಗಡಿ. ಅಲ್ಲಿ ಸಿಗುವುದು ಸ್ವಾನ್‌ಜಿಯಾಂಗ್ ಮಿಯೆನ್, ಸೊಪ್ಪನ್ನು ಹುಳಿ ಬರಿಸಿ ತೆಗೆದ ತಿಳಿಯಲ್ಲಿ ಬೆಂದ ನೂಡಲ್ಸ್, ಮೇಲೆ ಕೆಂಪು ಮೆಣಸಿನೆಣ್ಣೆ. ನಮ್ಮ ನಾಲಿಗೆಗೆ ಸಾರಿನ ಹತ್ತಿರದ ರುಚಿ. "ವೋ ಚೀ ಸು" (ನಾನು ಸಸ್ಯಾಹಾರಿ) ಎಂದೆ. ಅಂಗಡಿಯ ಆಂಟಿ ಮಾಂಸದ ಪಾತ್ರೆ ಪಕ್ಕಕ್ಕಿಟ್ಟು, ಬೇರೆ ಸೌಟು ತೊಳೆದು ಬಡಿಸಿದರು. ಎಂಟು ಯುವಾನ್. ಮೂರು ಬೆಳಿಗ್ಗೆ ಅದೇ ತಿಂದೆ. ಹಂದಿ ಕೊಬ್ಬು ಹಾಕುತ್ತೀರಾ ಎಂದು ಮಾತ್ರ ಎಲ್ಲೆಡೆ ಕೇಳಿ.

ಬೆಟ್ಟದ ಬಹುಪಾಲು ಗುಡಿಗಳನ್ನು ಕಟ್ಟಿಸಿದ ಯೊಂಗ್‌ಲೆ ಚಕ್ರವರ್ತಿ ಅಣ್ಣನ ಮಗನಿಂದ ಸಿಂಹಾಸನ ಕಿತ್ತುಕೊಂಡವನು, ಉತ್ತರದಿಂದ ದಂಡೆತ್ತಿ ಬಂದವನು. ಉತ್ತರದ ದೇವರು ತನ್ನ ಜೊತೆಗಿದ್ದಾನೆಂದು ತೋರಿಸುವುದು ಅವನಿಗೆ ಬೇಕಿತ್ತು. ತುದಿಯ ವಿಗ್ರಹದ ಮುಖ ಅವನದೇ ಎಂದು ಊರವರು ಹೇಳುತ್ತಾರೆ. ಎರಡನೇ ಸಲ ನಡೆದು ಹತ್ತಿ ಹೋದಾಗ ನಾನು ಆ ಮುಖವನ್ನೇ ನೋಡುತ್ತ ನಿಂತೆ.

ಅಕ್ಟೋಬರ್ ಮೊದಲ ವಾರ ಮಾತ್ರ ಹೋಗಬೇಡಿ, ಚೀನಾದಲ್ಲಿ ರಾಷ್ಟ್ರೀಯ ರಜೆ. ನಾನ್‌ಯಾನ್‌ನಿಂದ ತುದಿಗೆ ಮೆಟ್ಟಿಲು ಹತ್ತಲು ಮೂರು ಗಂಟೆ ಹಿಡಿಯಿರಿ. ತುದಿಯ ಗುಡಿಗೆ ಬೇರೆ ಟಿಕೆಟ್ ಇದೆ, ದುಡ್ಡು ಇಟ್ಟುಕೊಂಡಿರಿ.