ಗದಗ-ಬೆಟಗೇರಿಯ ಓಣಿಗಳಲ್ಲಿ ಕಲ್ಲಿನ ಕೆತ್ತನೆ ನೋಡಲು ಹೊರಟವರಿಗೆ

ಗದಗಿಗೆ ಬರುವವರಲ್ಲಿ ಬಹಳ ಮಂದಿ ಬಸ್ಸಿಳಿದವರೇ ಲಕ್ಕುಂಡಿಯ ದಾರಿ ಹಿಡಿಯುತ್ತಾರೆ. ಎರಡು ತಾಸಿನಲ್ಲಿ ನಾಲ್ಕು ಗುಡಿ ಸುತ್ತಿ, ಕತ್ತಲಾಗುವ ಮುಂಚೆ ಹುಬ್ಬಳ್ಳಿ ಸೇರಿಬಿಡುತ್ತಾರೆ. ಲಕ್ಕುಂಡಿ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗದಗ ಮತ್ತು ಅದಕ್ಕೆ ಅಂಟಿಕೊಂಡ ಬೆಟಗೇರಿಯಲ್ಲಿ ಸಾವಿರ ವರ್ಷದ ಹಿಂದಿನ ಕೆತ್ತನೆ ಜನರ ನಡುವೆಯೇ ನಿಂತಿದೆ. ಅದನ್ನು ನೋಡದೆ ಹೋಗುವುದು ದೊಡ್ಡ ನಷ್ಟ. ಊರಿಗೆ ಒಂದು ಪೂರ್ತಿ ದಿನ, ಲಕ್ಕುಂಡಿ-ಡಂಬಳಕ್ಕೆ ಇನ್ನೊಂದು ದಿನ ಇಟ್ಟುಕೊಂಡರೆ ಅವಸರವಿಲ್ಲದೆ ನೋಡಬಹುದು.

ಹುಬ್ಬಳ್ಳಿಯಿಂದ ಗದಗ ಸುಮಾರು 58 ಕಿ.ಮೀ. ಗುಂತಕಲ್ ಕಡೆಯ ರೈಲುಗಳು ಗದಗ ಜಂಕ್ಷನ್ ಮೇಲೆಯೇ ಹೋಗುತ್ತವೆ. ಬಸ್ಸಿಗಿಂತ ರೈಲೇ ಆರಾಮ. ಬಸ್ಸಿನಲ್ಲಾದರೆ ಒಂದೂವರೆ ತಾಸು ಹಿಡಿಯಿರಿ. ರಾಜ್ಯದ ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ಕೈಯಲ್ಲಿರಲಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್-ಮೇನಲ್ಲಿ ಬಂದರೆ ಹನ್ನೊಂದರ ನಂತರ ಗುಡಿಯ ಅಂಗಳದ ಹಾಸುಗಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ದಪ್ಪನೆಯ ಹತ್ತಿ ಕಾಲುಚೀಲ ತನ್ನಿ. ಮಳೆ ಬಿದ್ದ ಮರುದಿನ ಹೊಲದಂಚಿನ ಕಲ್ಲುಗಳ ಹತ್ತಿರ ಹೋಗುವ ಆಸೆ ಬಿಡಿ. ಇಲ್ಲಿಯದು ಎರೆಮಣ್ಣು, ಹತ್ತು ಹೆಜ್ಜೆಗೆ ಚಪ್ಪಲಿಯೇ ಏಳುವುದಿಲ್ಲ.

ಸಾಮಾನು ಹೆಚ್ಚು ಬೇಡ. ಒಂದು ಟಾರ್ಚ್, ಒಂದು ಕಪ್ಪು ಛತ್ರಿ, ನೀರು, ಜೊತೆಗೊಬ್ಬರು. ಛತ್ರಿ ಮಳೆಗಲ್ಲ, ಕಲ್ಲಿಗೆ ನೆರಳು ಹಿಡಿಯಲು. ಕೆತ್ತನೆ ಕಾಣುವುದು ಬೆಳಕಿನಿಂದಲ್ಲ, ನೆರಳಿನಿಂದ. ನೆತ್ತಿಯ ಮೇಲಿನ ಬಿಸಿಲೋ ಮೊಬೈಲಿನ ಫ್ಲ್ಯಾಶೋ ಎದುರಿನಿಂದ ಬಿದ್ದರೆ ಉಬ್ಬು-ತಗ್ಗು ಎಲ್ಲ ಒಂದೇ ಆಗಿ, ಸವೆದ ಕಲ್ಲು ಬರೀ ಚಪ್ಪಡಿಯಾಗಿ ಕಾಣುತ್ತದೆ. ಛತ್ರಿಯಿಂದ ಬಿಸಿಲು ಮರೆಮಾಡಿ, ಎರಡು-ಮೂರು ಅಡಿ ದೂರದಿಂದ, ಕಲ್ಲಿನ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಟಾರ್ಚ್ ಹಾಯಿಸಿ. ಇಲ್ಲವೆಂದುಕೊಂಡಿದ್ದ ಅಕ್ಷರದ ಸಾಲು, ಕುದುರೆಯ ಲಗಾಮು, ಬಿಲ್ಲಿನ ಹೆದೆ ಎದ್ದು ಬರುತ್ತವೆ. ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಬೆಳಕು ಹಾಯಿಸಿ ಒಂದೊಂದು ಚಿತ್ರ ತೆಗೆಯಿರಿ, ಏಕೆಂದರೆ ಒಂದು ದಿಕ್ಕಿನ ಬೆಳಕಿಗೆ ಅದೇ ದಿಕ್ಕಿನ ಗೆರೆ ಸಿಕ್ಕುವುದಿಲ್ಲ.

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹೀಗಾಗಿ ಗುಡಿಗಳ ದಕ್ಷಿಣ ಗೋಡೆಗೆ ಬೆಳಿಗ್ಗೆ ಮತ್ತು ಇಳಿಹೊತ್ತಿನಲ್ಲಿ ಓರೆ ಬಿಸಿಲು ತಾನಾಗಿಯೇ ಸಿಗುತ್ತದೆ. ಉತ್ತರ ಗೋಡೆ ದಿನವಿಡೀ ನೆರಳಿನಲ್ಲಿರುತ್ತದೆ, ಅಲ್ಲಿ ಟಾರ್ಚೇ ಗತಿ. ದಿನದ ಕ್ರಮವನ್ನು ಇದರ ಮೇಲೆ ಹಾಕಿಕೊಳ್ಳಿ, ನಕ್ಷೆಯ ಮೇಲಲ್ಲ.

ಮೊದಲು ತ್ರಿಕೂಟೇಶ್ವರ. ಈಗ ಕಾಣುವ ರೂಪದ ಬಹುಪಾಲು 11-12ನೇ ಶತಮಾನದ ಕಲ್ಯಾಣ ಚಾಲುಕ್ಯರ ಕಾಲದ್ದು. ಗರ್ಭಗುಡಿಯಲ್ಲಿ ಒಂದೇ ಪೀಠದ ಮೇಲೆ ಬ್ರಹ್ಮ, ವಿಷ್ಣು, ಮಹೇಶ್ವರರ ಮೂರು ಲಿಂಗ. ದರ್ಶನ ಮುಗಿಸಿದವರು ಹೊರಟುಬಿಡುತ್ತಾರೆ. ನೀವು ಮಂಟಪದ ಅಂಚಿಗೆ ಬನ್ನಿ. ಅಲ್ಲಿ ಕೂರುವ ಜಗಲಿಗೆ ಬೆನ್ನು ಕೊಡಲೆಂದು ಹೊರಕ್ಕೆ ವಾಲಿಸಿ ನಿಲ್ಲಿಸಿದ ಕಲ್ಲಿನ ಹಲಗೆಗಳಿವೆ. ಒಳಗಿನಿಂದ ನೋಡಿದರೆ ಅದು ಬರೀ ಒರಗು, ಅದರ ಹೊರಮೈ ತುಂಬ ಸಾಲು ಸಾಲು ಸಣ್ಣ ಮೂರ್ತಿಗಳು. ಜಾಲಂಧ್ರಗಳನ್ನೂ, ಅಂದರೆ ತೂತು ಬಿಡಿಸಿದ ಕಲ್ಲಿನ ಕಿಟಕಿಗಳನ್ನೂ, ಒಳಗೆ ನಿಂತು ಒಮ್ಮೆ, ಹೊರಗೆ ನಿಂತು ಒಮ್ಮೆ ನೋಡಿ.

ಅದೇ ಆವರಣದ ಸರಸ್ವತಿ ಗುಡಿಗೆ ಕಡಿಮೆಯೆಂದರೂ ಮುಕ್ಕಾಲು ತಾಸು ಕೊಡಬೇಕು. ಮೂರ್ತಿ ಭಗ್ನವಾಗಿದೆ, ಪೂಜೆಯ ಗದ್ದಲವಿಲ್ಲ. ಕಂಬಗಳು ಮಾತ್ರ ಇಡೀ ಗದಗಿನಲ್ಲೇ ಅತಿ ಸೂಕ್ಷ್ಮ ಕೆಲಸದವು. ಒಂದು ಕಂಬ ಆರಿಸಿಕೊಂಡು ಬುಡದಿಂದ ನೋಡುತ್ತ ಹೋಗಿ. ಈ ನಾಡಿನ ಚಾಲುಕ್ಯ ಕಂಬಗಳಲ್ಲಿ ಸಾಮಾನ್ಯವಾಗಿ ಕೆಳಗೆ ಚೌಕ, ಮೇಲೆ ಗಂಟೆಯಾಕಾರ, ಅದರ ಮೇಲೆ ಬಳೆ ಬಳೆಯಾದ ಕುತ್ತಿಗೆ, ಆಮೇಲೆ ಅಗಲವಾದ ತಟ್ಟೆ, ತುದಿಯಲ್ಲಿ ತೊಲೆ ಹೊರುವ ಬೋದಿಗೆ. ಗುಂಡನೆಯ ಭಾಗವನ್ನು ತಿರುಗಣಿಗೆ, ಅಂದರೆ ಕಲ್ಲನ್ನು ತಿರುಗಿಸುತ್ತ ಕಡೆಯುವ ಯಂತ್ರಕ್ಕೆ, ಹಾಕಿ ಕಡೆದಿರುತ್ತಾರೆ. ಬಳೆಗಳ ಅಂಚಿಗೆ ಓರೆ ಬೆಳಕು ಬಿಟ್ಟರೆ ಸುತ್ತಲೂ ಒಂದೇ ಅಂತರದಲ್ಲಿ ಓಡುವ ತೆಳು ಗೆರೆ ಸಿಗುತ್ತದೆ. ಉಳಿಯಿಂದ ಹೊಡೆದ ಕೆಲಸದಲ್ಲಿ ಆ ಸಮ ಬರುವುದಿಲ್ಲ. ಇದೆಲ್ಲ ಸಾಧ್ಯವಾದದ್ದು ಕಲ್ಲಿನ ಗುಣದಿಂದ. ಬಾದಾಮಿ ಕಡೆಯ ಮರಳುಗಲ್ಲನ್ನು ಬಿಟ್ಟು ಈ ಕಾಲದ ಶಿಲ್ಪಿಗಳು ಹಸಿರು-ನೀಲಿ ಛಾಯೆಯ ಬಳಪದ ಕಲ್ಲಿಗೆ ಬಂದರು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಂತೆ ಗಟ್ಟಿ. ಮಣಿಯ ಸರದ ಹಿಂದೆ ಬೆಳಕು ಹಾಯುವಷ್ಟು ಪೊಳ್ಳು ಬಿಡಿಸಲು ಈ ಕಲ್ಲೇ ಬೇಕು. ಮುಟ್ಟಿ ನೋಡುವ ಆಸೆ ಆಗಿಯೇ ಆಗುತ್ತದೆ, ಮುಟ್ಟಬೇಡಿ. ಕೈಯ ಎಣ್ಣೆ-ಬೆವರಿಗೆ ಕಲ್ಲು ಕಪ್ಪಾಗಿ ಅಂಚು ಸವೆಯುತ್ತದೆ.

ಮಧ್ಯಾಹ್ನ ಗುಡಿ ಮುಚ್ಚುವ ಮುಂಚೆ ವೀರನಾರಾಯಣ ಮುಗಿಸಿಕೊಳ್ಳಿ. ಹೊಯ್ಸಳ ವಿಷ್ಣುವರ್ಧನನ ಹೆಸರಿನೊಂದಿಗೆ ಹೇಳುವ ಗುಡಿ. ಗೋಪುರ ವಿಜಯನಗರದ ಶೈಲಿಯದು. ಕುಮಾರವ್ಯಾಸ ಕೂತು ಬರೆದನೆಂದು ಹೇಳುವ ಕಂಬವನ್ನು ಒಳಗೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಸಮಯ ಉಳಿದರೆ ಊರೊಳಗಿನ ಸೋಮೇಶ್ವರ ಗುಡಿಯ ಬಾಗಿಲವಾಡಗಳನ್ನೂ (ಬಾಗಿಲ ಚೌಕಟ್ಟು) ನೋಡಿ. ಊಟಕ್ಕೆ ಖಾನಾವಳಿ ಹುಡುಕಿ: ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಹೊಟ್ಟೆ ತುಂಬ ಉಂಡು ಮೂರರ ತನಕ ವಿಶ್ರಾಂತಿ ತಗೊಳ್ಳಿ. ಆ ಬಿಸಿಲಿನಲ್ಲಿ ತಿರುಗಿದರೂ ಏನೂ ಕಾಣುವುದಿಲ್ಲ.

ಇಳಿಹೊತ್ತು ಬೆಟಗೇರಿಗೆ. ನೇಕಾರರ ಊರು, ಓಣಿಯಲ್ಲಿ ಮಗ್ಗದ ಸದ್ದು ಇನ್ನೂ ಕೇಳುತ್ತದೆ. ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ಇಲ್ಲಿಯ ವೀರಗಲ್ಲುಗಳಲ್ಲಿ 9-10ನೇ ಶತಮಾನದವೂ ಇವೆ. ಮೊಬೈಲ್ ನಕ್ಷೆ ನಂಬಿ ಅಲೆಯುವುದಕ್ಕಿಂತ ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳಿ: “ಯಜ್ಜಾ, ಇಲ್ಲಿ ವೀರಗಲ್ಲ ಎಲ್ಲ್ಯದಾವ್ರಿ?” ಅವರಿಗೆ ಆ ಹೆಸರು ಗೊತ್ತಾಗದಿದ್ದರೆ “ಕುದರಿ, ಕತ್ತಿ ಕೆತ್ತಿದ ಹಳೇ ಕಲ್ಲ್ರೀ” ಎನ್ನಿ. ಕೆಲವೆಡೆ ಜನ ಇಂಥ ಕಲ್ಲಿಗೆ ದೇವರೆಂದು ಕುಂಕುಮ ಹಚ್ಚಿ ನಡೆದುಕೊಳ್ಳುತ್ತಾರೆ. ಅಂಥಲ್ಲಿ ಚಪ್ಪಲಿ ಬಿಟ್ಟು, ಮನೆಯವರನ್ನು ಕೇಳಿಯೇ ಚಿತ್ರ ತೆಗೆಯಿರಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ. ದನಗಳ ಸಾಲು ಕಂಡರೆ ಅದು ತುರುಗೋಳು, ಅಂದರೆ ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನ ಕಲ್ಲು. ಹುಲಿಯೋ ಹಂದಿಯೋ ಇದ್ದರೆ ಬೇಟೆಯಲ್ಲಿ ಮಡಿದವನು. ಕುದುರೆಯ ಮೇಲೆ ಕೂತವನ ತಲೆಯ ಮೇಲೆ ಕೊಡೆ ಹಿಡಿದಿದ್ದರೆ ಅವನು ನಾಯಕ. ನಡುವಿನ ಪಟ್ಟಿಕೆಯಲ್ಲಿ ವೀರನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಒಯ್ಯುತ್ತಾರೆ. ಮೇಲೆ ಅವನು ದೇವರ ಸನ್ನಿಧಿಯಲ್ಲಿ: ಲಿಂಗ, ನಂದಿ, ಪೂಜಾರಿ ಇದ್ದರೆ ಶೈವ, ಕುಳಿತ ಜಿನನಿದ್ದರೆ ಜೈನ. ತುದಿಯ ಸೂರ್ಯ-ಚಂದ್ರ, ಅವರಿರುವ ತನಕ ಇವನ ಹೆಸರು ಇರಲಿ ಎಂದು. ಶಾಸನ ಇದ್ದರೆ ಪಟ್ಟಿಕೆಗಳ ನಡುವಿನ ಅಡ್ಡ ಅಂಚಿನಲ್ಲಿ ಇರುತ್ತದೆ, ಟಾರ್ಚನ್ನು ಮೊದಲು ಅಲ್ಲಿಗೇ ಹಿಡಿಯಿರಿ. ಕಂಬದಿಂದ ಮೊಳಕೈ ಮಡಿಸಿ ಎತ್ತಿದ ಒಂದು ತೋಳು, ಕೈ ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು ಕಂಡರೆ ಅದು ಮಹಾಸತಿಕಲ್ಲು, ಗಂಡನ ಹಿಂದೆ ಸತಿ ಹೋದವಳ ನೆನಪಿನ ಕಲ್ಲು. ಆ ಬಳೆಗಳ ಎದುರು ನಿಂತಾಗ ಸುಮ್ಮನೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಓದು ತಪ್ಪುವುದು ಹೆಚ್ಚಾಗಿ ಕೆಳಗಿನ ಪಟ್ಟಿಕೆಯಲ್ಲಿ. ರಸ್ತೆ ಎತ್ತರವಾದಂತೆ ಕಲ್ಲಿನ ಬುಡ ಹೂತುಹೋಗುತ್ತದೆ. ಕಾಳಗವೇ ಮಣ್ಣಿನಡಿ ಸೇರಿ, ಉಳಿದದ್ದು ಬರೀ ದೇವರ ಚಿತ್ರವೆಂದು ಅನಿಸಿಬಿಡುತ್ತದೆ. ಮೇಲಿನ ಎರಡು ಪಟ್ಟಿಕೆಯ ಎತ್ತರ ನೋಡಿ ಕೆಳಗೆ ಎಷ್ಟು ಹೂತಿರಬಹುದೆಂದು ಅಂದಾಜು ಮಾಡಿ, ಆದರೆ ಅಗೆಯಬೇಡಿ. ಸುಣ್ಣ ಅಥವಾ ಎಣ್ಣೆಬಣ್ಣ ಬಳಿದ ಕಲ್ಲಿನಲ್ಲಿ ಸಣ್ಣ ಗೆರೆಗಳು ಮುಚ್ಚಿಹೋಗಿರುತ್ತವೆ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಹಿಟ್ಟು, ವಿಭೂತಿ ಉಜ್ಜುವವರಿದ್ದಾರೆ. ಅದು ಕಲ್ಲಿಗೆ ಮಾಡುವ ದ್ರೋಹ. ಪುಡಿ ಸಂದಿಯಲ್ಲಿ ಕೂತು ಬಿಡುವುದಿಲ್ಲ, ಉಜ್ಜಿದಷ್ಟೂ ಅಂಚು ಮೊಂಡಾಗುತ್ತದೆ. ಓರೆ ಬೆಳಕಿಗೆ ಕಾಣದ್ದು ಸುಣ್ಣಕ್ಕೂ ಕಾಣುವುದಿಲ್ಲ.

ಎರಡನೆಯ ದಿನ ಬೆಳಿಗ್ಗೆ ಬೇಗ ಲಕ್ಕುಂಡಿ. ಗದಗಿನಿಂದ 12 ಕಿ.ಮೀ., ಕೊಪ್ಪಳದ ರಸ್ತೆಯಲ್ಲೇ. ವೇಗದೂತ ಬಸ್ ನಿಲ್ಲುತ್ತದೋ ಇಲ್ಲವೋ ಹತ್ತುವಾಗಲೇ ಕಂಡಕ್ಟರರನ್ನು ಕೇಳಿ. ಶುಕ್ರವಾರ ಬಿಟ್ಟು ಹೋಗಿ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಅಂದು ರಜೆ. ಮೊದಲು ಕಾಶಿವಿಶ್ವೇಶ್ವರ. ಪೂರ್ವಕ್ಕೆ ಮುಖ ಮಾಡಿದ ಶಿವನ ಗುಡಿ, ಅದರೆದುರು ಪಶ್ಚಿಮಕ್ಕೆ ಮುಖ ಮಾಡಿದ ಸೂರ್ಯನ ಗುಡಿ. ದಕ್ಷಿಣದ ಬಾಗಿಲಿಗೆ ಚಳಿಗಾಲದ ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೇ ಅಲ್ಲಿರಬೇಕು. ಬಾಗಿಲವಾಡದ ಶಾಖೆಗಳನ್ನು, ಅಂದರೆ ಬಾಗಿಲ ಸುತ್ತಲಿನ ಕೆತ್ತನೆಯ ಪಟ್ಟಿಗಳನ್ನು, ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಎಣಿಸುತ್ತ ನೋಡಿ, ಬಳ್ಳಿ ಯಾವುದು, ಮೂರ್ತಿಯ ಸಾಲು ಯಾವುದು ಎಂದು ಬಿಡಿಸಿಕೊಳ್ಳದಿದ್ದರೆ ಎಲ್ಲವೂ ಕಲಸಿಹೋಗುತ್ತದೆ. ಆಮೇಲೆ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ. ಒಳಗಿನ ನಾಲ್ಕು ಮುಖದ ಬ್ರಹ್ಮನನ್ನು ಬಿಡಬೇಡಿ. ಬಿಸಿಲೇರಿದ ಮೇಲೆ ಮಾಣಿಕೇಶ್ವರದ ಪಕ್ಕದ ಮುಸುಕಿನ ಬಾವಿ. ಮೂರು ಕಡೆ ಮೆಟ್ಟಿಲು, ಗೋಡೆಯಲ್ಲಿ ಪುಟ್ಟ ಗುಡಿಗಳಂಥ ಗೂಡುಗಳು. ಪಾಚಿ ಇದ್ದರೆ ಕೆಳಗಿನ ಮೆಟ್ಟಿಲಿಗೆ ಇಳಿಯಬೇಡಿ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಇಲಾಖೆಯ ಅನುಮತಿ ಬೇಕು. ಕೈಯಲ್ಲಿ ಹಿಡಿದು ತೆಗೆಯುವುದಕ್ಕೆ ತೊಂದರೆಯಿಲ್ಲ.

ಮಧ್ಯಾಹ್ನದ ನಂತರ ಗದಗಿಗೆ ವಾಪಸ್ ಬಂದು ಮುಂಡರಗಿ ಕಡೆಯ ಬಸ್ಸಿನಲ್ಲಿ ಡಂಬಳಕ್ಕೆ ಹೋಗಿ, 20 ಕಿ.ಮೀ. ಆಸುಪಾಸು. ಅಲ್ಲಿ ದೊಡ್ಡಬಸಪ್ಪನ ಗುಡಿಯೊಂದೇ ಸಾಕು. ಗರ್ಭಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಒಂದೇ ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತ ಆರು ಸಲ ಗೆರೆ ಎಳೆದರೆ ಈ ಆಕಾರ ಬರುತ್ತದೆ. ಹಾಳೆಯ ಮೇಲೆ ಮಾಡಿ ನೋಡಿಕೊಂಡು ಹೋದರೆ ಸುತ್ತು ಹಾಕುವಾಗ ಮೂಲೆಗಳ ಲೆಕ್ಕ ಕಣ್ಣಿಗೆ ತಾನೇ ಸಿಗುತ್ತದೆ. ಗೋಡೆಯ ಬುಡದಲ್ಲಿ ನಿಂತು ಮೇಲೆ ನೋಡಿ: ಕೆಳಗಿನ ಆ ಮೂಲೆಗಳೇ ಶಿಖರದಲ್ಲೂ ಏಣಾಗಿ ಏರುತ್ತವೆ, ಇಳಿಬಿಸಿಲಿಗೆ ಒಂದು ಮುಖ ಬೆಳಗಿದರೆ ಪಕ್ಕದ್ದು ಕಪ್ಪು. ಬಸ್ಸಿಳಿದ ಕೂಡಲೇ ಗದಗಿಗೆ ಕೊನೆಯ ಬಸ್ ಎಷ್ಟಕ್ಕೆ ಎಂದು ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಕೇಳಿಟ್ಟುಕೊಳ್ಳಿ.