ಅರ್ಧ ಮೂಟೆ ಜುಕಿನಿ

19 ಜನವರಿ 2025, ಭಾನುವಾರ
ಹಾಸನ

ಬೆಳಿಗ್ಗೆ ಏಳಕ್ಕೇ ಮೈದುನ ಬೇಲೂರು ಕಡೆಯಿಂದ ಬೈಕಲ್ಲಿ ಬಂದು, ಅರ್ಧ ಮೂಟೆ ಜುಕಿನಿ ಇಳಿಸಿ, ಕಾಫಿ ಕುಡಿದು ಹೊರಟುಹೋದ. ಬೆಂಗಳೂರಿಗೆ ಕಳಿಸೋಕೆ ಅಂತ ಹತ್ತು ಗುಂಟೆಯಲ್ಲಿ ಹಾಕಿದ್ದಾನೆ. ತಗೊಳ್ಳುವವರಿಗೆ ಗೇಣುದ್ದದ ಎಳೆಕಾಯೇ ಆಗಬೇಕು. ಸಂಕ್ರಾಂತಿ ಆದಮೇಲೆ ನೆಂಟರ ಮನೆ ಓಡಾಟದಲ್ಲಿ ಕೊಯ್ಲು ಮೂರು ದಿನ ತಪ್ಪಿತು, ಅಷ್ಟರಲ್ಲಿ ಕಾಯಿಗಳು ಮೊಳದುದ್ದ ಆಗಿಬಿಟ್ಟಿವೆ. ಮಾರಿದರೆ ಬಾಡಿಗೆಯೂ ಹುಟ್ಟಲ್ಲ, ಅದಕ್ಕೇ ನಮ್ಮನೆಗೆ ಬಂತು.

ಅತ್ತೆ ಒಂದನ್ನು ಎತ್ತಿ ನೋಡಿ, “ಏನೇ ಇದು, ಸೌತೆಕಾಯಿಗೆ ಹುಚ್ಚು ಹಿಡ್ದಂಗಿದೆ” ಅಂದರು. ಸೌತೆ ಅಲ್ಲ ಅತ್ತೆ, ಕುಂಬಳದ ಬಳಗ, ಇಟಲಿಯವರು ಇಟ್ಟ ಹೆಸರಿನ ಅರ್ಥವೇ ಪುಟ್ಟ ಕುಂಬಳ ಅಂತ ಅಂದೆ. ಹಾಗಾದರೆ ಪರದೇಶದ್ದು, ನಂಗೆ ಬೇಡ ಅಂದರು. ಸಿಹಿಕುಂಬಳ, ಹಸಿಮೆಣಸಿನಕಾಯಿ, ಸೀಮೆಬದನೆ, ಅಷ್ಟೇ ಯಾಕೆ ನಮ್ಮ ಹಾಸನದ ಆಲೂಗಡ್ಡೆ, ಎಲ್ಲದರ ಮೂಲವೂ ಅಮೆರಿಕ ಖಂಡವೇ ಅಲ್ವಾ ಅಂತ ವಾದ ಮಾಡಿದೆ. “ಅವು ನಮ್ಮನೆ ಉಪ್ಪು ತಿಂದು ಹಳೇವಾಗಿವೆ ಕಣೇ” ಅಂದುಬಿಟ್ಟರು. ಇದಕ್ಕೆ ಏನು ಹೇಳೋದು!

ಹೋದ ತಿಂಗಳು ಒಂದು ಸಲ ಮಾಡಿ ಕೆಡಿಸಿದ್ದೆ. ಸೋರೆಕಾಯಿ ಪಲ್ಯದ ಹಾಗೆ ಸಣ್ಣಗೆ ಹೆಚ್ಚಿ, ಮೊದಲೇ ಉಪ್ಪು ಹಾಕಿ, ಮುಚ್ಚಳ ಮುಚ್ಚಿ ಸೀರಿಯಲ್ ನೋಡ್ತಾ ಕೂತೆ. ಬಂದು ನೋಡಿದರೆ ಬಾಣಲೆಯಲ್ಲಿ ಗಂಜಿ. ಇದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಬರೀ ನೀರು, ಉಪ್ಪು ಬಿದ್ದ ತಕ್ಷಣ ಬಿಟ್ಟುಕೊಳ್ಳುತ್ತೆ. ಹಾಗಾಗಿ ಇವತ್ತು ಸಣ್ಣ ಕಾಯಿಗಳನ್ನು ಬೆರಳು ದಪ್ಪಕ್ಕೆ ಹೆಚ್ಚಿಕೊಂಡೆ. ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಜೋರು ಉರಿಯಲ್ಲಿ ಮುಚ್ಚಳ ಇಲ್ಲದೆ ನಾಲ್ಕೈದು ನಿಮಿಷ ಬಾಡಿಸಿ, ಕೊನೆಗೆ ಉಪ್ಪು, ಕಾಯಿತುರಿ. ಕಚ್ಚಿದರೆ ಸ್ವಲ್ಪ ಕರುಂ ಅನ್ನಬೇಕು.

ಹೆಚ್ಚುವ ಮುಂಚೆ ಅತ್ತೆ ಪ್ರತಿ ಕಾಯಿಯ ತುದಿ ಕೊಯ್ದು ನಾಲಿಗೆಗೆ ಇಟ್ಟು ನೋಡಿದರು. ಹೀರೆಕಾಯಿ, ಸೌತೆಕಾಯಿಗೆ ಮಾಡೋ ಅಭ್ಯಾಸ, ಇದಕ್ಕೂ ಬಿಡಲಿಲ್ಲ. ನನಗೆ ಖುಷಿ ಆಯಿತು, ಯಾಕೆಂದರೆ ಇದನ್ನು ಜುಕಿನಿಗೂ ಮಾಡಲೇಬೇಕು. ಕಹಿ ಇದ್ದರೆ ಅದು ಕುಕುರ್ಬಿಟಾಸಿನ್ ಅನ್ನೋ ವಿಷ, ಬೇಯಿಸಿದರೂ ಹೋಗಲ್ಲ, ವಾಂತಿ ಭೇದಿ ಹಿಡಿಸುತ್ತೆ. ಕಹಿ ಒಳ್ಳೇದು ಅಂತ ಹಾಗಲಕಾಯಿ ಲೆಕ್ಕದಲ್ಲಿ ನುಂಗೋಕೆ ಹೋಗಬೇಡಿ, ಎಸೆದುಬಿಡಿ. ಇವತ್ತಿನದು ಒಂದೂ ಕಹಿ ಇರಲಿಲ್ಲ.

ದೊಡ್ಡ ಕಾಯಿಗಳದ್ದೇ ತಲೆನೋವು ಇತ್ತು. ಬೀಜ ಬಲಿತಿದೆ, ತಿರುಳು ಹತ್ತಿ ಹತ್ತಿ. ಅದನ್ನು ತೆಗೆದು ಉಳಿದದ್ದನ್ನು ತುರಿದು, ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿದರೆ ಲೋಟ ತುಂಬ ನೀರು ಬಂತು. ಚೆಲ್ಲೋಕೆ ಹೋದೆ, ಅತ್ತೆ ಕೈ ಹಿಡಿದರು. ಅಕ್ಕಿಹಿಟ್ಟಿಗೆ ಆ ತುರಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಜೀರಿಗೆ ಸೇರಿಸಿ ಬೇರೆ ನೀರೇ ಮುಟ್ಟದೆ ಆ ಹಿಂಡಿದ ನೀರಲ್ಲೇ ಕಲಸಿ ರೊಟ್ಟಿ ತಟ್ಟಿದರು. ಹಾಗೆ ಮಾಡಿದ್ದಕ್ಕೆ ನೀರಿನ ಜೊತೆ ಹೋಗುತ್ತಿದ್ದ ಪೊಟ್ಯಾಷಿಯಂ ಹೊಟ್ಟೆಗೇ ಬಂತು. ಉಪ್ಪು ಮಾತ್ರ ಮತ್ತೆ ಹಾಕಬಾರದು, ನೀರಲ್ಲೇ ಇರುತ್ತೆ. ಮೊದಲ ರೊಟ್ಟಿ ಉಪ್ಪುಪ್ಪಾಗಿ ನಮ್ಮೆಜಮಾನರ ಪಾಲಾಯಿತು. ಸಿಪ್ಪೆಯನ್ನು ಹೀರೆಸಿಪ್ಪೆ ಥರವೇ ಹುರಿದು ಎಳ್ಳು, ಹುಣಸೆಹಣ್ಣು ಹಾಕಿ ಚಟ್ನಿ. ಕಣ್ಣಿಗೆ ಬೇಕಾದ ಲೂಟೀನ್ ಇರೋದು ಜಾಸ್ತಿ ಆ ಹಸಿರು ಸಿಪ್ಪೆಯಲ್ಲೇ, ಆದ್ದರಿಂದ ಎಳೆಕಾಯಿ ಆದರೆ ಸಿಪ್ಪೆ ಹೆರೆಯೋದೇ ಬೇಡ.

ಮಾವನಿಗೆ ಸಕ್ಕರೆ ಕಾಯಿಲೆ. ಜುಕಿನಿ ತಿಂದರೆ ಶುಗರ್ ಓಡಿಹೋಗುತ್ತೆ ಅಂತ ಅವರ ಮೊಬೈಲಿಗೆ ಯಾರೋ ಮೆಸೇಜ್ ಕಳಿಸಿದ್ದರಂತೆ, ಮಾತ್ರೆ ಬಿಡಲಾ ಅಂತ ಕೇಳಿದರು. ಅಯ್ಯೋ ಬೇಡ ಮಾವ! ಇದು ಔಷಧಿ ಅಲ್ಲ, ತರಕಾರಿ. 100 ಗ್ರಾಂಗೆ ಸುಮಾರು 17 ಕ್ಯಾಲೊರಿ, ಹಿಟ್ಟಿನ ಅಂಶ ಸಕ್ಕರೆ ಎಲ್ಲ ಸೇರಿ ಮೂರು ಗ್ರಾಂ ಆಸುಪಾಸು. ಅಷ್ಟೇ ತೂಕದ ಆಲೂಗಡ್ಡೆಯಲ್ಲಿ ಕ್ಯಾಲೊರಿ ಇದರ ನಾಲ್ಕು ಪಟ್ಟಿಗಿಂತ ಜಾಸ್ತಿ. ಅಂದರೆ ಮುದ್ದೆ ಅರ್ಧ ಮಾಡಿ ಆ ಜಾಗಕ್ಕೆ ಪಲ್ಯ ಬಡಿಸಿಕೊಂಡರೆ ಉಪಯೋಗ, ಮುದ್ದೆ ಮೇಲೆ ಜುಕಿನಿ ಸೇರಿಸಿಕೊಂಡರೆ ಏನೂ ಇಲ್ಲ. ವಿಟಮಿನ್ ಸಿ ಪರವಾಗಿಲ್ಲ ಅನ್ನುವಷ್ಟು ಇದೆ, ಅದೂ ಜಾಸ್ತಿ ಬೇಯಿಸಿದರೆ ಹೋಯಿತು. ನಾರು ಒಂದು ಗ್ರಾಂ ಅಷ್ಟೇ. ನಾರು ಬೇಕು ಅಂದರೆ ನಮ್ಮ ಅವರೆಕಾಳೇ ಸಾಕು, ಈಗ ಕಾಲವೂ ಅದರದ್ದೇ.

ರಾತ್ರಿಗೆ ಹಿತ್ಕಿದ ಬೇಳೆ ಸಾರಿಗೆ ಬೇಳೆ ಬೆಂದಮೇಲೆ ನಾಲ್ಕು ಹೋಳು ಜುಕಿನಿ ಹಾಕಿದೆ. ಅತ್ತೆ ಎರಡು ಸಲ ಬಡಿಸಿಕೊಂಡರು, ಏನೂ ಹೇಳಲಿಲ್ಲ. ಊಟ ಆದಮೇಲೆ ಮೈದುನನಿಗೆ ತಾವೇ ಫೋನ್ ಹಚ್ಚಿ, ಅದರ ಹೂವು ಇದ್ಯೇನೋ, ಕುಂಬಳದ ಹೂವಿನ ಥರ ಬಜ್ಜಿ ಆಗುತ್ತಾ ನೋಡ್ಬೇಕು, ಕಾಯಿ ಕಚ್ಚಿರೋದು ಕೀಳ್ಬೇಡ, ತೆಳ್ಳಗೆ ಉದ್ದ ತೊಟ್ಟಿನ ಗಂಡು ಹೂವು ಮಾತ್ರ ತಾ, ಜೇನಿಗೂ ಒಂದಿಷ್ಟು ಬಿಡು ಅಂತ ಹೇಳ್ತಿದ್ದರು. ಬಿಸಿಲೇರಿದರೆ ಮುಚ್ಕೊಳ್ಳುತ್ತೆ ದೊಡ್ಡಮ್ಮ, ಏಳಕ್ಕೆ ಮುಂಚೆನೇ ಬರ್ತೀನಿ ಅಂದನಂತೆ. ಕಡಲೆಹಿಟ್ಟು ಮುಗಿದಿದೆ, ನಾಳೆ ಬೆಳಿಗ್ಗೆ ಅಂಗಡಿ ತೆಗೆಯೋಕೂ ಮುಂಚೆ ಎಲ್ಲಿ ತರಲಿ?