ಬಾಣ ಹಾಕಿದ್ರೆ ಬಲ ಕೊಟ್ಟವರ ಹೆಸರೂ ಬರೀಬೇಕು

ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುವುದು ನನ್ನ ಕೆಲಸ. ಬಲ ಮತ್ತು ಚಲನೆಯ ಪಾಠ ಬಂದಾಗ ನ್ಯೂಟನ್ನನ ನಿಯಮಗಳನ್ನು ಬೋರ್ಡಿಗೆ ಹಾಕುವ ಮೊದಲೇ ಒಂದು ಚಿತ್ರ ಬರೆಸುತ್ತೇನೆ. ಅಡಿಕೆಯೊಂದನ್ನು ನೇರ ಮೇಲಕ್ಕೆ ಎಸೆದಿದ್ದೀರಿ, ಕೈಯಿಂದ ಬಿಟ್ಟಾಗಿದೆ, ಅದಿನ್ನೂ ಮೇಲೆ ಹೋಗ್ತಾ ಇದೆ. ಈಗ ಅದರ ಮೇಲಿರುವ ಬಲಗಳಿಗೆ ಬಾಣ ಹಾಕಿ.

ಹೆಚ್ಚಿನವರು ಮೇಲಕ್ಕೊಂದು ಉದ್ದ ಬಾಣ, ಕೆಳಕ್ಕೊಂದು ಗಿಡ್ಡ ಬಾಣ ಹಾಕುತ್ತಾರೆ. ನಿಯಮವನ್ನು ತಪ್ಪಿಲ್ಲದೆ ಬಾಯಿಪಾಠ ಒಪ್ಪಿಸುವವರೂ ಅಷ್ಟೇ. ಮೇಲೆ ಹೋಗ್ತಾ ಇದೆ ಅಂದ್ರೆ ಏನೋ ಒಂದು ಅದನ್ನು ಮೇಲಕ್ಕೆ ದೂಡ್ತಾ ಇರಬೇಕು ಅಲ್ವಾ ಅನ್ನುವುದು ಅವರ ಲೆಕ್ಕ. ಇದಕ್ಕೆ ಮಕ್ಕಳನ್ನು ಬೈಯುವುದು ಸರಿಯಲ್ಲ. ಅರಿಸ್ಟಾಟಲ್ ನಂಬಿದ್ದೂ ಹೆಚ್ಚುಕಮ್ಮಿ ಇದನ್ನೇ, 1687ರಲ್ಲಿ ನ್ಯೂಟನ್ ತನ್ನ ನಿಯಮಗಳನ್ನು ಪ್ರಕಟಿಸುವಾಗ ಅದಾಗಿ ಎರಡು ಸಾವಿರ ವರ್ಷ ಕಳೆದಿತ್ತು.

ಹಾಗಾಗಿ ನಮ್ಮ ಕ್ಲಾಸಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಬಾಣದ ಪಕ್ಕದಲ್ಲಿ ಆ ಬಲ ಕೊಡುತ್ತಿರುವುದು ಯಾವುದು ಅಂತ ಬರೆಯಲೇಬೇಕು. ಕೆಳಗಿನ ಬಾಣಕ್ಕೆ "ಭೂಮಿ" ಅಂತ ತಕ್ಷಣ ಬರೆಯುತ್ತಾರೆ. ಮೇಲಿನದ್ದಕ್ಕೆ "ಕೈ" ಅಂತ ಬರೆದವರಿಗೆ, ಕೈ ಈಗ ಅಡಿಕೆಯನ್ನು ಮುಟ್ಟಿದೆಯಾ ಅಂತ ಕೇಳಿದರೆ ಸಾಕು, ರಬ್ಬರ್ ಹೊರಗೆ ಬರುತ್ತದೆ. ಗಾಳಿಯ ತಡೆಯನ್ನು ಬಿಟ್ಟರೆ ಉಳಿಯುವುದು ಭೂಮಿಯ ಸೆಳೆತ ಒಂದೇ. ಕೈ ಬಿಡುವಾಗ ಇದ್ದ ವೇಗ ಒಂದೊಂದು ಸೆಕೆಂಡ್ ಕಳೆದ ಹಾಗೆ ಸೆಕೆಂಡಿಗೆ 9.8 ಮೀಟರಿನಷ್ಟು ಕಮ್ಮಿ ಆಗುತ್ತಾ ಹೋಗುತ್ತದೆ, ಹಾಗೆ ಕಮ್ಮಿ ಆಗುತ್ತಲೇ ಅದು ಮೇಲೇರುತ್ತದೆ.

"ಟೀಚರ್, ತುದಿಗೆ ಮುಟ್ಟಿದಾಗ ಬಲ ಸೊನ್ನೆ ಅಲ್ವಾ?" ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ. ಆ ಕ್ಷಣಕ್ಕೆ ಸೊನ್ನೆ ಆಗಿರುವುದು ವೇಗ. ಬಲವೂ ಸೊನ್ನೆ ಆಗಿದ್ದರೆ ಅಡಿಕೆ ಅಲ್ಲೇ ನಿಂತುಬಿಡಬೇಕಿತ್ತು. ಇಲ್ಲಿ ನಾನು ಗಡಿಬಿಡಿ ಮಾಡುವುದಿಲ್ಲ, ಒಂದು ಪೀರಿಯಡ್ ಪೂರ್ತಿ ಹೋದರೂ ಹೋಗಲಿ.

ಒಂದು ವಸ್ತು ಇನ್ನೊಂದರ ಮೇಲೆ ಎಷ್ಟು ಬಲ ಹಾಕುತ್ತದೋ, ಆ ಇನ್ನೊಂದೂ ಇದರ ಮೇಲೆ ಅಷ್ಟೇ ಬಲವನ್ನು ವಿರುದ್ಧ ದಿಕ್ಕಿನಲ್ಲಿ ಹಾಕುತ್ತದೆ ಅನ್ನುವ ಮೂರನೇ ನಿಯಮಕ್ಕೂ ಇದೇ ಉಪಾಯ. ಮೇಜಿನ ಮೇಲಿನ ಪುಸ್ತಕವನ್ನು ಭೂಮಿ ಕೆಳಕ್ಕೆ ಎಳೆಯುತ್ತದೆ, ಮೇಜು ಮೇಲಕ್ಕೆ ಒತ್ತುತ್ತದೆ. ಇವೆರಡೂ ಸಮ ಇವೆ ಅಂತ ಕ್ರಿಯೆ-ಪ್ರತಿಕ್ರಿಯೆ ಅಂದುಬಿಡುವವರೇ ಜಾಸ್ತಿ. ಆದರೆ ಎರಡೂ ಬೀಳುವುದು ಪುಸ್ತಕದ ಮೇಲೆಯೇ. ಕೊಟ್ಟವರ ಹೆಸರಿನ ಜೊತೆ ತಗೊಂಡವರ ಹೆಸರನ್ನೂ ಬರೆಸಿದರೆ ಮಕ್ಕಳೇ ಸರಿಯಾದ ಜೋಡಿ ಹುಡುಕುತ್ತಾರೆ: ಭೂಮಿ ಪುಸ್ತಕವನ್ನು ಎಳೆಯುತ್ತದೆ, ಪುಸ್ತಕ ಭೂಮಿಯನ್ನು ಅಷ್ಟೇ ಬಲದಿಂದ ಎಳೆಯುತ್ತದೆ.